ರೂಲ್ 5ಕ್ಕೆ ಮುಂಚೆ: ನಾಲ್ಕು ಸೆಕೆಂಡ್ ಬೇಸ್ ಹುಡುಗರಲ್ಲಿ ಯಾರನ್ನು ಉಳಿಸಿಕೊಳ್ಳಲಿ?

ಬಳ್ಳಾರಿ_ಡಗೌಟ್

ಎಲ್ಲರಿಗೂ ನಮಸ್ಕಾರ. ಬೇಸ್‌ಬಾಲ್ ತಂಡ ನಡೆಸುವ ಕಂಪ್ಯೂಟರ್ ಆಟ ಔಟ್ ಆಫ್ ದ ಪಾರ್ಕ್‌ನ ನಮ್ಮ ಆನ್‌ಲೈನ್ ಲೀಗಿನಲ್ಲಿ 2031ರ ಸೀಸನ್ ಮುಗಿಯಿತು. ಬಳ್ಳಾರಿ ತಂಡದ 40 ಜನರ ರೋಸ್ಟರಿನಲ್ಲಿ ಎರಡೇ ಜಾಗ ಖಾಲಿ ಇವೆ. ಭಾನುವಾರ ರಾತ್ರಿಯ ಸಿಮ್ (ಕಂಪ್ಯೂಟರ್ ಲೀಗನ್ನು ಮುಂದಕ್ಕೆ ಓಡಿಸುವುದು) ನಡೆದರೆ ರೂಲ್ 5 ಪಟ್ಟಿಗೆ ಬೀಗ ಬಿದ್ದ ಹಾಗೆ. ರೂಲ್ 5 ಅಂದರೆ 40ರೊಳಗೆ ಹಾಕಿ ರಕ್ಷಿಸದ ಹುಡುಗರನ್ನು ಬೇರೆ ತಂಡಗಳು ಎತ್ತಿಕೊಳ್ಳುವ ಡ್ರಾಫ್ಟ್. ಫಾರ್ಮ್‌ನಲ್ಲಿ (ನಮ್ಮ ಮೈನರ್ ಲೀಗ್ ತಂಡಗಳಲ್ಲಿ; ಲೋ-ಎ, ಹೈ-ಎ, ಡಬಲ್-ಎ, ಟ್ರಿಪಲ್-ಎ ಎಂದು ಮೇಲೇರುವ ಹಂತಗಳು) ಸೆಕೆಂಡ್ ಬೇಸಿಗೆಂದು ನಾಲ್ಕು ಹುಡುಗರಿದ್ದಾರೆ. ಕೆಳಗಿನ ರೇಟಿಂಗ್ ಎಲ್ಲವೂ ನಮ್ಮ ಸ್ಕೌಟ್ ಕೊಟ್ಟದ್ದು, 20-80 ಅಳತೆ. ಓರೆಗೆರೆಯ ಈಚೆಗಿರುವುದು ಈಗಿನ ರೇಟಿಂಗ್, ಆಚೆಗಿರುವುದು ಪೊಟೆನ್ಷಿಯಲ್ (ಮುಂದೆ ಮುಟ್ಟಬಹುದಾದ ಮಟ್ಟ).

ಒಂದನೆಯವ: 19 ವರ್ಷ, ಲೋ-ಎ, ಸದ್ಯ ಶಾರ್ಟ್‌ಸ್ಟಾಪ್ ಆಡುತ್ತಿದ್ದಾನೆ. 2029ರಲ್ಲಿ, 17ನೇ ವಯಸ್ಸಿಗೆ ಇಂಟರ್‌ನ್ಯಾಷನಲ್ ಸೈನಿಂಗ್. ಕಾಂಟ್ಯಾಕ್ಟ್ 30/60, ಗ್ಯಾಪ್ (ಡಬಲ್, ಟ್ರಿಪಲ್ ಹೊಡೆಯುವುದು) 35/55, ಪವರ್ 25/45, ಡಿಸಿಪ್ಲಿನ್ (ವಾಕ್ ಗಿಟ್ಟಿಸುವುದು) 35/55. ರೇಂಜ್ (ಎಷ್ಟು ದೂರದ ಚೆಂಡಿಗೆ ತಲುಪುತ್ತಾನೆ) 60, ಎರರ್ (ತಪ್ಪು ಮಾಡದಿರುವುದು) 50, ಆರ್ಮ್ (ಎಸೆತದ ಬಲ) 50, ಡಬಲ್ ಪ್ಲೇ 55. ಪೊಟೆನ್ಷಿಯಲ್ ನಾಲ್ಕೂವರೆ ಸ್ಟಾರ್.

ಎರಡನೆಯವ: 22, ಡಬಲ್-ಎ, ಬಲಗೈ ಬ್ಯಾಟ್. 2027ರಲ್ಲಿ ಹೈಸ್ಕೂಲಿನಿಂದ ಡ್ರಾಫ್ಟ್. ಕಾಂಟ್ಯಾಕ್ಟ್ 50/50, ಗ್ಯಾಪ್ 55/55, ಪವರ್ 35/40, ಡಿಸಿಪ್ಲಿನ್ 35/40. ರೇಂಜ್ 55, ಉಳಿದ ಮೂರೂ 50. ಈ ವರ್ಷ 480 ಪ್ಲೇಟ್ ಅಪಿಯರೆನ್ಸ್ (ಬ್ಯಾಟ್ ಹಿಡಿದು ನಿಂತ ಒಟ್ಟು ಸರದಿ), 440 ಎಟ್-ಬ್ಯಾಟ್ (ವಾಕ್, ಮೈಗೆ ಬಿದ್ದದ್ದು, ಸ್ಯಾಕ್ರಿಫೈಸ್ ಬಿಟ್ಟ ಸರದಿ), 140 ಹಿಟ್, 6 ಹೋಮ್ ರನ್, 75 ಸ್ಟ್ರೈಕ್‌ಔಟ್, 26 ವಾಕ್ (ನಾಲ್ಕು ಕೆಟ್ಟ ಎಸೆತಕ್ಕೆ ಸಿಗುವ ಬೇಸ್), 10 ಸಲ ಚೆಂಡು ಮೈಗೆ, 4 ಸ್ಯಾಕ್ರಿಫೈಸ್ ಫ್ಲೈ. ಸರಾಸರಿ .318. ಮೂರೂವರೆ ಸ್ಟಾರ್.

ಮೂರನೆಯವ: 24, ಟ್ರಿಪಲ್-ಎ, ಎಡಗೈ ಬ್ಯಾಟ್. 2028ರಲ್ಲಿ ಕಾಲೇಜಿನಿಂದ, 21ಕ್ಕೆ ಡ್ರಾಫ್ಟ್. ಕಾಂಟ್ಯಾಕ್ಟ್ 45/45, ಪವರ್ 30/30, ಡಿಸಿಪ್ಲಿನ್ 45/45. ರೇಂಜ್ 70, ಎರರ್ 65, ಆರ್ಮ್ 45, ಡಬಲ್ ಪ್ಲೇ 70. ಎರಡು ಸ್ಟಾರ್.

ನಾಲ್ಕನೆಯವ: 21, ಹೈ-ಎ, ಎಡಗೈ ಬ್ಯಾಟ್. 2027ರಲ್ಲಿ 17ಕ್ಕೆ ಇಂಟರ್‌ನ್ಯಾಷನಲ್ ಸೈನಿಂಗ್. ಕಾಂಟ್ಯಾಕ್ಟ್ 35/45, ಪವರ್ 50/65, ಡಿಸಿಪ್ಲಿನ್ 55/60, ಸ್ಟ್ರೈಕ್‌ಔಟ್ ತಪ್ಪಿಸುವುದು 30/40. ರೇಂಜ್ 45, ಎರರ್ 50, ಆರ್ಮ್ 60, ಡಬಲ್ ಪ್ಲೇ 40. 410 ಪ್ಲೇಟ್ ಅಪಿಯರೆನ್ಸ್, 348 ಎಟ್-ಬ್ಯಾಟ್, 80 ಹಿಟ್, 22 ಹೋಮ್ ರನ್, 119 ಸ್ಟ್ರೈಕ್‌ಔಟ್, 57 ವಾಕ್, 3 ಸಲ ಮೈಗೆ, 2 ಸ್ಯಾಕ್ರಿಫೈಸ್ ಫ್ಲೈ. ಸರಾಸರಿ .230. ಎರಡೂವರೆ ಸ್ಟಾರ್.

ಸ್ಟಾರ್ ಪ್ರಕಾರ ಹೋದರೆ ಒಂದನೆಯವನನ್ನೂ ಎರಡನೆಯವನನ್ನೂ ಸೇರಿಸಬೇಕು. ಉಳಿದಿಬ್ಬರನ್ನು ಬಿಟ್ಟರೆ ನಷ್ಟವೇನು? ಲೀಗ್ ಎಂಎಲ್‌ಬಿ ನಿಯಮಗಳನ್ನೇ ಇಟ್ಟುಕೊಂಡಿದೆ, ಸ್ಕೌಟಿಂಗ್ ನಿಖರತೆ ನಾರ್ಮಲ್.

ಸಿಂಧನೂರು_ಲೆಕ್ಕ

ಮೊದಲು ಬ್ಯಾಟಿಂಗ್ ನೋಡೋಣ್ರಿ, ಫೀಲ್ಡಿಂಗ್ ಬಗ್ಗೆ ಕೊಪ್ಪಳದವ್ರು ಹೇಳ್ತಾರ.

ಎರಡನೆಯವನ .318 ಹಂಗೇ ನಂಬಬ್ಯಾಡ್ರಿ. 140 ಹಿಟ್‌ನಾಗ 6 ಹೋಮ್ ರನ್ ತೆಗೀರಿ, 134 ಉಳೀತದ. 440 ಎಟ್-ಬ್ಯಾಟ್‌ನಾಗ 75 ಸ್ಟ್ರೈಕ್‌ಔಟ್, 6 ಹೋಮ್ ರನ್ ಕಳೆದು 4 ಸ್ಯಾಕ್ರಿಫೈಸ್ ಫ್ಲೈ ಕೂಡಿಸಿದ್ರ 363. ಭಾಗಿಸಿದ್ರ ಬಾಬಿಪ್ .369 ಬಂತು. ಮೈದಾನದೊಳಗ ಬಿದ್ದ ನೂರು ಚೆಂಡಿನಾಗ ಮೂವತ್ತೇಳು ಹಿಟ್ ಆಗ್ಯಾವ ಅಂದಂಗ. ಮೇಜರ್ ಲೀಗ್‌ನಾಗ ಈ ಸರಾಸರಿ .300ರ ಹತ್ರ ಇರ್ತದ, ಮೈನರ್‌ನಾಗ ಸ್ವಲ್ಪ ಮ್ಯಾಲ. ನಿಮ್ಮ ಡಬಲ್-ಎ ಲೀಗಿನ ಪುಟದಾಗ ಲೀಗ್ ಸರಾಸರಿ ಅದ, ನೋಡಿಕೊಳ್ರಿ. ಈಗ .310 ಅಂತ ಹಿಡೀತೀನಿ. 363ಕ್ಕ 113 ಹಿಟ್, 6 ಹೋಮ್ ರನ್ ಸೇರಿಸಿದ್ರ 119. 440ಕ್ಕ ಭಾಗಿಸ್ರಿ, .270. ವಾಕ್ 26, ಮೈಗೆ ಬಿದ್ದದ್ದು 10 ಕೂಡಿಸಿ 480ಕ್ಕ ಭಾಗಿಸಿದ್ರ ಆನ್-ಬೇಸ್ (ಬೇಸ್ ಮುಟ್ಟಿದ ಪ್ರಮಾಣ) .323.

ಈಗ ನಾಲ್ಕನೆಯವ. .230 ಅಂತ ಮೂಗು ಮುರೀತಾರ ಮಂದಿ. 80 ಹಿಟ್, 57 ವಾಕ್, 3 ಮೈಗೆ, ಒಟ್ಟು 140. 410ಕ್ಕ ಭಾಗಿಸಿದ್ರ .341. ಅವನ ಬಾಬಿಪ್ .278, ಅಂದ್ರ ಅದೃಷ್ಟ ಏನೂ ಕೈ ಹಿಡಿದಿಲ್ಲ. ಅದೃಷ್ಟ ತೆಗೆದು ನೋಡಿದ್ರ .318ರವನಿಗಿಂತ .230ರವನೇ ಹೆಚ್ಚು ಸಲ ಬೇಸ್ ಮ್ಯಾಲ ನಿಂತಾನ, ಮ್ಯಾಲ 22 ಹೋಮ್ ರನ್ ಬ್ಯಾರೆ.

ಭತ್ತದ ಚೀಲ ತೂಕಕ್ಕ ಹಾಕೋಕಿಂತ ಮುಂಚೆ ತೇವ ನೋಡ್ತೀವಲ್ರಿ, ಬ್ಯಾಟಿಂಗ್ ಸರಾಸರಿಗೂ ಬಾಬಿಪ್ ಹಂಗೇ. ಎಷ್ಟು ಕಾಳು, ಎಷ್ಟು ನೀರು ಅಂತ ಮೊದಲು ತಿಳೀಬೇಕು.

ಇನ್ನೊಂದು ಮಾತು. ಈ ಆಟದಾಗ ಹುಡುಗನ ನಿಜವಾದ ರೇಟಿಂಗ್ ಒಳಗ ಮುಚ್ಚಿಟ್ಟದ್ದು. ನಮಗ ಕಾಣೋದು ಸ್ಕೌಟ್‌ನ ಮಸುಕು ಅಂದಾಜು. ಆದ್ರ ಪಂದ್ಯ ಓಡೋದು ನಿಜವಾದ ರೇಟಿಂಗ್ ಮ್ಯಾಲ. ಹಂಗಾಗಿ ಬೇಗ ನೆಲೆ ನಿಲ್ಲೋ ಅಂಕಿಗಳು ಸ್ಕೌಟ್ ಹೇಳಿದ್ದು ಖರೆ ಅಲ್ಲೋ ಅಂತ ತೋರಿಸಿಕೊಡ್ತಾವ. ಅಂಕಿಅಂಶದ ಬರಹಗಾರ ರಸೆಲ್ ಕಾರ್ಲ್‌ಟನ್ ನಿಜವಾದ ಬೇಸ್‌ಬಾಲ್ ಮ್ಯಾಲ ಹಾಕಿದ ಲೆಕ್ಕದಾಗ ಸ್ಟ್ರೈಕ್‌ಔಟ್ ಪ್ರಮಾಣಕ್ಕ 60 ಪ್ಲೇಟ್ ಅಪಿಯರೆನ್ಸ್, ವಾಕ್‌ಗೆ 120, ಹೋಮ್ ರನ್‌ಗೆ 170 ಸಾಕು; ಬಾಬಿಪ್‌ಗೆ ಮಾತ್ರ 820 ಚೆಂಡು ಬೇಕು. ಎರಡನೆಯವನ ಹತ್ರ 363 ಅದ, ಅರ್ಧನೂ ಇಲ್ಲ. ಅವನ ವಾಕ್ 5.4 ಶೇಕಡಾ ಮಾತ್ರ ಗಟ್ಟಿ ಅಂಕಿ, ಡಿಸಿಪ್ಲಿನ್ 35 ಅನ್ನೋದು ಖರೆ. ನಾಲ್ಕನೆಯವನ ವಾಕ್ 13.9, ಸ್ಟ್ರೈಕ್‌ಔಟ್ 29, ಹೋಮ್ ರನ್ 22, ಮೂರೂ ನಂಬೋ ಅಂಕಿ. ಒಳ್ಳೇದೂ ಖರೆ, ಕೆಟ್ಟದ್ದೂ ಖರೆ.

ಎರಡನೆಯವನ ಬಾಬಿಪ್ ರೇಟಿಂಗ್, ಸ್ಪೀಡ್, ಎಡಗೈ-ಬಲಗೈ ಪಿಚರ್ ಎದುರಿನ ಸ್ಪ್ಲಿಟ್ ಹಾಕ್ರಿ. ಬಾಬಿಪ್ ರೇಟಿಂಗ್ 65 ಇದ್ರ ನನ್ನ ಲೆಕ್ಕ ಸ್ವಲ್ಪ ಮ್ಯಾಲ ಏರ್ತದ.

ಕೊಪ್ಪಳ_ಸ್ಕೌಟ್

ಬಳ್ಳಾರಿಯವರೇ, ಒಂದನೆಯವನನ್ನು ಈ ಪಟ್ಟಿಯಿಂದ ಮೊದಲು ಹೊರಗೆ ತೆಗೆಯಿರಿ. ಅವನಿಗೆ ರಕ್ಷಣೆಯೇ ಬೇಕಿಲ್ಲ. 18 ಅಥವಾ ಅದಕ್ಕಿಂತ ಕಡಿಮೆ ವಯಸ್ಸಿನಲ್ಲಿ ಸಹಿ ಹಾಕಿದವನಿಗೆ ಐದು ಸೀಸನ್, 19 ಅಥವಾ ಅದಕ್ಕಿಂತ ಹೆಚ್ಚಿನ ವಯಸ್ಸಿನಲ್ಲಿ ಹಾಕಿದವನಿಗೆ ನಾಲ್ಕು ಸೀಸನ್ ಮುಗಿದ ಮೇಲಷ್ಟೇ ರೂಲ್ 5. ಸಹಿ ಹಾಕಿದ ಸೀಸನ್ನೂ ಲೆಕ್ಕಕ್ಕೆ ಬರುತ್ತದೆ. 2029ರಲ್ಲಿ ಬಂದವನು 2033ರ ಡಿಸೆಂಬರಿಗೆ ರೂಲ್ 5ಕ್ಕೆ ಸಿಗುತ್ತಾನೆ. ಈಗಲೇ 40ರೊಳಗೆ ಹಾಕಿದರೆ ಜಾಗ ಹಾಳಾಗುವುದಷ್ಟೇ ಅಲ್ಲ, 2032ರಿಂದಲೇ ಅವನ ಆಪ್ಷನ್ ವರ್ಷಗಳು (40ರಲ್ಲಿರುವವನನ್ನು ಮೈನರ್‌ಗೆ ಇಳಿಸಬಹುದಾದ ವರ್ಷಗಳು) ಕರಗತೊಡಗುತ್ತವೆ. ಮೂರು ಆಪ್ಷನ್ ಮುಗಿಯುವಾಗ ಅವನಿಗೆ 22. ವೇವರ್ (ಬೇರೆ ತಂಡಗಳು ಬೇಕಿದ್ದರೆ ಎತ್ತಿಕೊಳ್ಳಲು ಬಿಡುವ ಪಟ್ಟಿ) ಇಲ್ಲದೆ ಮೈನರ್‌ಗೆ ಕಳಿಸಲು ಆಗ ದಾರಿ ಇರುವುದಿಲ್ಲ. ಲೋ-ಎ ಹುಡುಗನಿಗೆ ಇದಕ್ಕಿಂತ ದೊಡ್ಡ ಅನ್ಯಾಯ ಇನ್ನೊಂದಿಲ್ಲ.

ಉಳಿದ ಮೂವರೂ ಈ ಡಿಸೆಂಬರಿಗೇ ಸಿಗುತ್ತಾರೆ: ಇಬ್ಬರಿಗೆ 2027ರಿಂದ ಐದು, ಮೂರನೆಯವನಿಗೆ 2028ರಿಂದ ನಾಲ್ಕು. ಹಾಗಾಗಿ ನಿಜವಾದ ಪ್ರಶ್ನೆ ಮೂವರಲ್ಲಿ ಇಬ್ಬರು ಯಾರು ಎಂಬುದು.

ಇನ್ನು ಫೀಲ್ಡಿಂಗ್. ಸೆಕೆಂಡ್ ಬೇಸಿಗೆ ನಾನು ನೋಡುವ ಕ್ರಮ: ರೇಂಜ್, ಆಮೇಲೆ ಡಬಲ್ ಪ್ಲೇ, ಆಮೇಲೆ ಎರರ್, ಕೊನೆಗೆ ಆರ್ಮ್. ಮೊದಲ ಬೇಸಿಗೆ ಎಸೆತ ಹತ್ತಿರದ್ದು, 40 ಆರ್ಮ್‌ನಲ್ಲೂ ಕೆಲಸ ನಡೆಯುತ್ತದೆ. ರೇಂಜ್ 55 ಮತ್ತು ಡಬಲ್ ಪ್ಲೇ 50 ಇದ್ದರೆ ವರ್ಷವಿಡೀ ನಿಲ್ಲಿಸಬಹುದು. ಇದು ನಾನು ಹಾಕಿಕೊಂಡ ಗೀಟು, ಆಟದ ನಿಯಮವಲ್ಲ. ಶಾರ್ಟ್‌ಸ್ಟಾಪ್ ಅಥವಾ ಮೂರನೇ ಬೇಸಿನಿಂದ ಚೆಂಡು ಬರುವಾಗ ಸೆಕೆಂಡ್ ಬೇಸಿನವನು ಓಡುತ್ತಾ ಬಂದು, ಹಿಂದಿನಿಂದ ನುಗ್ಗುವ ರನ್ನರ್‌ನನ್ನು ನೋಡದೆಯೇ ಹಿಡಿದು, ಬೇಸ್ ತುಳಿದು, ಮೈ ತಿರುಗಿಸಿ ಮೊದಲ ಬೇಸಿಗೆ ಎಸೆಯಬೇಕು. ಡಬಲ್ ಪ್ಲೇ ರೇಟಿಂಗ್ ಅಂದರೆ ಈ ಒಂದು ತಿರುವು. ನಿಮ್ಮ ಪಿಚರ್‌ಗಳು ಗ್ರೌಂಡ್ ಬಾಲ್ ಹೆಚ್ಚು ಕೊಡುವವರಾದರೆ ಇದರ ಬೆಲೆ ಏರುತ್ತದೆ, ಫ್ಲೈ ಬಾಲ್ ಪಿಚರ್‌ಗಳಾದರೆ ಇಳಿಯುತ್ತದೆ.

ರೇಂಜಿಗೆ ಮೊದಲ ಸ್ಥಾನ ಕೊಡುವುದಕ್ಕೆ ಇನ್ನೊಂದು ಕಾರಣ 2023ರ ಶಿಫ್ಟ್ (ಫೀಲ್ಡರ್‌ಗಳನ್ನು ಒಂದೇ ಕಡೆಗೆ ಸರಿಸಿ ನಿಲ್ಲಿಸುವುದು) ನಿಯಮ. ಎರಡನೇ ಬೇಸಿನ ಆಚೆಗೆ ಇಬ್ಬರು, ಈಚೆಗೆ ಇಬ್ಬರು ಇನ್‌ಫೀಲ್ಡರ್ ಇರಲೇಬೇಕು, ನಾಲ್ವರ ಕಾಲೂ ಇನ್‌ಫೀಲ್ಡ್ ಗಡಿಯೊಳಗೇ ಇರಬೇಕು. ಮೊದಲಾದರೆ ನಿಧಾನದವನನ್ನು ರೈಟ್ ಫೀಲ್ಡಿನ ಹುಲ್ಲಿನ ಮೇಲೆ ಹಿಂದೆ ನಿಲ್ಲಿಸಿ ಮುಚ್ಚಿಡಬಹುದಿತ್ತು, ಈಗಾಗುವುದಿಲ್ಲ. ನಮ್ಮ ಲೀಗಿನಲ್ಲೂ ಈ ನಿರ್ಬಂಧ ಆನ್ ಇದೆ.

ಈ ಲೆಕ್ಕದಲ್ಲಿ ನಾಲ್ಕನೆಯವ ಸೆಕೆಂಡ್ ಬೇಸಿಗೆ ಸಲ್ಲುವುದಿಲ್ಲ. ಪಂದ್ಯ ಆಡಿಸಿದ ಹಾಗೆ ಸ್ಥಾನದ ರೇಟಿಂಗ್ ಏರುತ್ತದೆ ನಿಜ, ಆದರೆ ಅದಕ್ಕೆ ಮೇಲಿನ ಮಿತಿ ಹಾಕುವುದು ರೇಂಜ್, ಡಬಲ್ ಪ್ಲೇ ಇವೇ. ಹಾಗಂತ ನೇರ ಲೆಫ್ಟ್ ಫೀಲ್ಡಿಗೆ ದೂಡಬೇಡಿ. ಅಂಕಿಅಂಶದ ತಾಣ ಫ್ಯಾನ್‌ಗ್ರಾಫ್ಸ್ ಬಳಸುವ ಸ್ಥಾನದ ತೂಕ ನೋಡಿ: ಪೂರಾ ಸೀಸನ್ನಿಗೆ ಶಾರ್ಟ್‌ಸ್ಟಾಪ್ +7.5 ರನ್, ಸೆಕೆಂಡ್ ಬೇಸ್ +2.5, ಥರ್ಡ್ ಬೇಸ್ ಕೂಡ +2.5, ಲೆಫ್ಟ್ ಫೀಲ್ಡ್ -7.5, ಫಸ್ಟ್ ಬೇಸ್ -12.5. ಸುಮಾರು 10 ರನ್ ಅಂದರೆ ಒಂದು ಗೆಲುವು. ಲೆಫ್ಟ್‌ಗೆ ಹೋದರೆ ವರ್ಷಕ್ಕೊಂದು ಗೆಲುವು ಕೈಬಿಟ್ಟಂತೆ. ಥರ್ಡ್‌ಗೆ ಹೋದರೆ ಸ್ಥಾನದ ತೂಕದಲ್ಲಿ ನಷ್ಟವೇ ಇಲ್ಲ. ಅವನ ಆರ್ಮ್ 60 ಸೆಕೆಂಡ್ ಬೇಸಿನಲ್ಲಿ ದಂಡ, ಥರ್ಡ್‌ನಲ್ಲಿ ಅದೇ ಬಂಡವಾಳ. ರೇಂಜ್ 45 ಅಲ್ಲಿ ಹೇಗೋ ಸಾಗುತ್ತದೆ. ಅಂದರೆ ನೀವು ಸೆಕೆಂಡ್ ಬೇಸ್ ಹುಡುಗ ಅಂತ ತೂಗುತ್ತಿರುವವನು ಥರ್ಡ್ ಬೇಸ್ ಹುಡುಗ. ಅವನ ಎರಡೂವರೆ ಸ್ಟಾರ್ ಕೂಡ ಸೆಕೆಂಡ್ ಬೇಸಿನಲ್ಲಿಟ್ಟು ಅಳೆದದ್ದಿರಬಹುದು. ಥರ್ಡ್‌ನಲ್ಲಿಟ್ಟು ಇನ್ನೊಮ್ಮೆ ನೋಡಿ.

ಕೊನೆಯದಾಗಿ, ರಕ್ಷಣೆ ಪಟ್ಟಿ ಅಂದರೆ ಯಾರು ಹೆಚ್ಚು ಒಳ್ಳೆಯವನು ಅನ್ನುವ ಪಟ್ಟಿ ಅಲ್ಲ. ಯಾರನ್ನು ಬೇರೆಯವರು ಎತ್ತಿಕೊಂಡು ಹೋಗುತ್ತಾರೆ, ಹೋದರೆ ತಿರುಗಿ ಬರುತ್ತಾನೋ ಇಲ್ಲವೋ ಅನ್ನುವುದು ಮುಖ್ಯ. ಎತ್ತಿಕೊಂಡವರು 1,00,000 ಡಾಲರ್ ಕೊಡಬೇಕು, ಇಡೀ ಸೀಸನ್ 26 ಜನರ ತಂಡದಲ್ಲೇ ಇಟ್ಟುಕೊಳ್ಳಬೇಕು. ಆಗದಿದ್ದರೆ ವೇವರ್ ದಾಟಿಸಿ, 50,000ಕ್ಕೆ ನಿಮಗೆ ವಾಪಸ್ ಕೊಡಲು ಕೇಳಬೇಕು. 26ರಲ್ಲಿ ವರ್ಷವಿಡೀ ಬಚ್ಚಿಡಲು ಸುಲಭ ಯಾರು? ರೇಂಜ್ 70, ಡಬಲ್ ಪ್ಲೇ 70 ಇರುವ ಟ್ರಿಪಲ್-ಎ ಹುಡುಗ. ಏಳನೇ ಇನ್ನಿಂಗ್ಸ್ ಆದಮೇಲೆ ಕೈಗವಸು ಹಾಕಿಸಿ ನಿಲ್ಲಿಸಿದರೆ ಸಾಕು. ನಿಮ್ಮ ಎರಡು ಸ್ಟಾರಿನವನೇ ಮೊದಲು ಹೋಗುತ್ತಾನೆ, ತಿರುಗಿ ಬರುವುದಿಲ್ಲ.

ಬಳ್ಳಾರಿ_ಡಗೌಟ್

ಕೊಪ್ಪಳದ ಅಣ್ಣಾ, ಸಿಂಧನೂರಿನ ಅಣ್ಣಾ, ಇಬ್ಬರಿಗೂ ಧನ್ಯವಾದ. ಆಟ ತೆರೆದು ನೋಡಿದೆ.

ಎರಡನೆಯವನ ಬಾಬಿಪ್ ರೇಟಿಂಗ್ 50, ಸ್ಪೀಡ್ 45. ಎಡಗೈ ಪಿಚರ್ ಎದುರು 148 ಎಟ್-ಬ್ಯಾಟ್‌ಗೆ 55 ಹಿಟ್, .372. ಬಲಗೈ ಎದುರು 292ಕ್ಕೆ 85, .291.

ಓಎಸ್ಎ (ಆಟವೇ ಎಲ್ಲ ತಂಡಗಳಿಗೂ ಕೊಡುವ ಸ್ಕೌಟಿಂಗ್) ವರದಿಯನ್ನೂ ಪಕ್ಕಕ್ಕಿಟ್ಟು ನೋಡಿದೆ. ಒಂದನೆಯವನಿಗೆ ನಮ್ಮ ಸ್ಕೌಟ್ ಕಾಂಟ್ಯಾಕ್ಟ್ ಪೊಟೆನ್ಷಿಯಲ್ 60 ಅಂದರೆ ಓಎಸ್ಎ 50 ಅನ್ನುತ್ತದೆ. ನಾಲ್ಕನೆಯವನ ಪವರ್ ನಮ್ಮವರದು 65, ಅವರದು 55. ಡಿಸಿಪ್ಲಿನ್ ಎರಡರಲ್ಲೂ 60. ಮೂರನೆಯವನ ರೇಟಿಂಗ್‌ನಲ್ಲಿ ವ್ಯತ್ಯಾಸವೇ ಇಲ್ಲ. ನಮ್ಮ ಸ್ಕೌಟಿಂಗ್ ಡೈರೆಕ್ಟರ್ ಟೂಲ್ಸ್ ಕಡೆಗೆ ಒಲವಿರುವವನು. ನಾಲ್ಕನೆಯವನ ವರ್ಕ್ ಎಥಿಕ್ ಹೈ ಅಂತಿದೆ, ಉಳಿದವರದು ನಾರ್ಮಲ್. ಇದನ್ನೆಲ್ಲ ಹೇಗೆ ಓದಬೇಕು?

ಗಂಗಾವತಿ_ಬುಲ್‌ಪೆನ್

ಟೂಲ್ಸ್ ಕಡೆ ವಾಲಿದ ಸ್ಕೌಟ್ ಕಚ್ಚಾ ಹುಡುಗರ ಪೊಟೆನ್ಷಿಯಲ್ ಎತ್ತಿ ಹೇಳತಾನ, ಅದು ಅವನ ಸ್ವಭಾವ. ಎರಡೂ ವರದಿ ಒಂದೇ ಅಂದ ಕಡೆ ನಂಬಿಕೆ ಇಡ್ರಿ: ಮೂರನೆಯವನ ಗ್ಲವ್, ನಾಲ್ಕನೆಯವನ ಡಿಸಿಪ್ಲಿನ್. ಎರಡೂ ಬ್ಯಾರೆ ಅಂದ ಕಡೆ ನಡುವಿನ ಅಂಕಿ ಹಿಡ್ಕೊಂಡು ಲೆಕ್ಕ ಹಾಕ್ರಿ. ಪವರ್ 60 ಅಂತ ಇಟ್ಕೊಂಡರೂ ನಾಲ್ಕನೆಯವ ಉಳಸ್ಕೊಳ್ಳೋ ಹುಡುಗ. ವರ್ಕ್ ಎಥಿಕ್ ಹೈ ಇರೋದು ಬೋನಸ್ ಅಷ್ಟ. ಪೊಟೆನ್ಷಿಯಲ್ ಕಡೆ ಹೋಗೋ ದಾರಿ ಚಲೋ ಆಗತೈತಿ, ಆದರ ಪೊಟೆನ್ಷಿಯಲ್ ಬೀಳೋದನ್ನ ಅದು ತಡಿಯಂಗಿಲ್ಲ. ಟ್ಯಾಲೆಂಟ್ ಚೇಂಜ್ ರ‍್ಯಾಂಡಮ್‌ನೆಸ್ ನಮ್ಮ ಲೀಗಿನ್ಯಾಗ 100 ಐತಿ, ಒಂದು ಚಳಿಗಾಲದಾಗ 60 ಇದ್ದದ್ದು 50 ಆಗಬಹುದು.

ಕೊಪ್ಪಳದವರ ಒಂದು ಮಾತು ಮಾತ್ರ ನಾ ಒಪ್ಪಂಗಿಲ್ಲ. ಮೂರನೆಯವನಿಗೆ ಜಾಗ ಯಾಕ? ಕಾಂಟ್ಯಾಕ್ಟ್ 45, ಪವರ್ 30, ಈಗಾಗಲೇ 24, ಪೊಟೆನ್ಷಿಯಲ್ ಮುಗದೈತಿ. ಇಂಥ ಗ್ಲವ್ ಪ್ರತಿ ಮಾರ್ಚ್ ತಿಂಗಳು ವೇವರ್‌ನ್ಯಾಗ ಬರತಾವ, ಸ್ಪ್ರಿಂಗ್ ಟ್ರೈನಿಂಗ್ ಕಡೀ ವಾರ ಪಟ್ಟಿ ನೋಡ್ರಿ. ಎರಡನೆಯವ .270 ಹೊಡದರೂ ಎಡಗೈ ಪಿಚರ್ ಎದುರು ಕೆಲಸಕ್ಕ ಬರತಾನ, ವಯಸ್ಸು ಇನ್ನೂ 22.

ಕೊಪ್ಪಳ_ಸ್ಕೌಟ್

ಗಂಗಾವತಿಯವರೇ, ವೇವರ್‌ನಲ್ಲಿ ಬರುವುದು ರೇಂಜ್ 55ರ ಗ್ಲವ್. ರೇಂಜ್ 70, ಎರರ್ 65, ಡಬಲ್ ಪ್ಲೇ 70 ಒಟ್ಟಿಗೆ ಇರುವವನು ಹಾಗೆ ಬೀದಿಗೆ ಬೀಳುವುದಿಲ್ಲ. 50 ಅಂದರೆ ಸರಾಸರಿ, 70 ಅಂದರೆ ಅದಕ್ಕಿಂತ ಎರಡು ಸ್ಟ್ಯಾಂಡರ್ಡ್ ಡೀವಿಯೇಷನ್ ಮೇಲೆ. ಟ್ರಿಪಲ್-ಎ ಫೀಲ್ಡಿಂಗ್ ಪುಟದಲ್ಲಿ ಅವನ ಝೋನ್ ರೇಟಿಂಗ್ (ಫೀಲ್ಡಿಂಗ್‌ನಿಂದ ಉಳಿಸಿದ ರನ್ನಿನ ಅಂದಾಜು) ನೋಡಿ. ಅದೂ ಸೊನ್ನೆಗಿಂತ ಮೇಲೆಯೇ ಇದ್ದರೆ ಅನುಮಾನಕ್ಕೆ ಜಾಗವಿಲ್ಲ. ಫೀಲ್ಡಿಂಗ್ ಶೇಕಡಾವಾರು ಮಾತ್ರ ನೋಡಬೇಡಿ. ಚೆಂಡಿನ ಹತ್ತಿರಕ್ಕೇ ಹೋಗದವನಿಗೆ ತಪ್ಪೂ ಬೀಳುವುದಿಲ್ಲ, ಅವನ ಶೇಕಡಾ ಚೆನ್ನಾಗಿಯೇ ಕಾಣುತ್ತದೆ.

ಎಡಗೈ ಬ್ಯಾಟ್ ಅನ್ನುವುದೂ ಗಮನಿಸಿ. ಪಿಚರ್‌ಗಳಲ್ಲಿ ಬಲಗೈಯವರೇ ಹೆಚ್ಚು, ಆದ್ದರಿಂದ ಅವನ 45 ಕಾಂಟ್ಯಾಕ್ಟ್ ಹೆಚ್ಚಿನ ದಿನ ಅನುಕೂಲದ ಕಡೆಯಿಂದಲೇ ಬರುತ್ತದೆ. ಎರಡನೆಯವನದು ತಿರುವು ಮುರುವು: .372 ಸಿಗುವುದು ಕಡಿಮೆ ಸಿಗುವ ಪಿಚರ್‌ಗಳ ಎದುರು. 148 ಎಟ್-ಬ್ಯಾಟ್‌ನ .372 ಮೇಲೆ ಹೆಚ್ಚು ಭಾರ ಹಾಕಬಾರದು, ಸ್ಪ್ಲಿಟ್ ರೇಟಿಂಗ್ ನೋಡಿ ನಿರ್ಧರಿಸಬೇಕು.

ನಾಲ್ಕನೆಯವನನ್ನು ಸೇರಿಸಿದ ಮೇಲೆ ಅವನ ಗಡಿಯಾರವೂ ಶುರುವಾಗುತ್ತದೆ, ಮರೆಯಬೇಡಿ. 2032, 33, 34 ಮೂರು ಆಪ್ಷನ್. 2035ರ ವಸಂತಕ್ಕೆ ಅವನು ಮೇಜರ್ ತಂಡದಲ್ಲಿ ನಿಲ್ಲಬೇಕು. 2032 ಡಬಲ್-ಎಯಲ್ಲಿ ಥರ್ಡ್ ಬೇಸ್ ಕಲಿಯಲು, 2033 ಟ್ರಿಪಲ್-ಎ ಅಂತ ಹಾಕಿಕೊಂಡರೆ ಒಂದು ವರ್ಷ ಕೈಯಲ್ಲಿ ಉಳಿಯುತ್ತದೆ. ಡಬಲ್-ಎ ತಂಡದ ಡೆಪ್ತ್ ಚಾರ್ಟ್‌ನಲ್ಲಿ ಅವನನ್ನು ಥರ್ಡ್‌ನಲ್ಲಿ ನೀವೇ ಕೂರಿಸಿ. ಮ್ಯಾನೇಜರ್ ಕೈಗೆ ಬಿಟ್ಟರೆ ಸೆಕೆಂಡ್‌ನಲ್ಲೋ ಡಿಎಚ್‌ನಲ್ಲೋ (ಬರೀ ಬ್ಯಾಟ್ ಮಾಡುವ ಸ್ಥಾನ) ಆಡಿಸಿಬಿಡುತ್ತಾನೆ, ಅನುಭವ ಸೇರುವುದೇ ಇಲ್ಲ. ಸ್ಟ್ರೈಕ್‌ಔಟ್ ಡಬಲ್-ಎಯಲ್ಲಿ 33 ಶೇಕಡಾ ದಾಟಿದರೆ ಮಧ್ಯದಲ್ಲೇ ಹೈ-ಎಗೆ ಇಳಿಸಲು ಹಿಂಜರಿಯಬೇಡಿ. ಮೇಲಿನ ಹಂತದಲ್ಲಿ ಒದ್ದಾಡುತ್ತಾ ಕೂತರೆ ಬೆಳವಣಿಗೆ ನಿಲ್ಲುತ್ತದೆ.

ಸಿಂಧನೂರು_ಲೆಕ್ಕ

ಬಾಬಿಪ್ ರೇಟಿಂಗ್ 50, ಸ್ಪೀಡ್ 45 ಅಂದ್ಮ್ಯಾಲ .310 ಸರಿಯಾಗೇ ಹಿಡದೀನಿ. .369 ಕಾಯಂ ಉಳಿಯೋದಲ್ಲ.

ಜಗಳ ಯಾಕ್ರಿ, ಎರಡನೆಯವನ್ನ ಮಾರಿಬಿಡ್ರಿ. .318 ಅನ್ನೋ ಅಂಕಿ ಇವತ್ತು ಎಲ್ಲರಿಗೂ ಕಾಣ್ತದ, ಮುಂದಿನ ಜುಲೈಗೆ ಕಾಣೋದಿಲ್ಲ. 40ರಾಗ ಜಾಗ ಖಾಲಿ ಇರೋ ತಂಡಕ್ಕ ಕೇಳ್ರಿ. ಬದಲಿಗೆ ಲೋ-ಎ ಅಥವಾ ರೂಕಿ ಲೀಗಿನ ಪಿಚರ್ ಕೇಳ್ರಿ, 2030ರಾಗೋ 2031ರಾಗೋ ಹೈಸ್ಕೂಲಿನಿಂದ ಬಂದವ. ಅಂಥವನಿಗೆ 2034ರ ತನಕ ರಕ್ಷಣೆ ಬೇಕಾಗಂಗಿಲ್ಲ. ನಿಮ್ಮ ಎರಡು ಜಾಗಾನೂ ಉಳೀತಾವ, ಮೂರನೆಯವ ನಾಲ್ಕನೆಯವ ಇಬ್ರೂ ಒಳಗ ಬರ್ತಾರ. ವ್ಯವಹಾರ ಶುಕ್ರವಾರದೊಳಗ ಮುಗಿಸ್ರಿ. ಪಟ್ಟಿಗೆ ಬೀಗ ಬಿದ್ದ ಮ್ಯಾಲ ಯಾರೂ ಕೊಡಂಗಿಲ್ಲ, ರೂಲ್ 5ನಾಗ ಬದಲಿಗೆ ಆಟಗಾರನ್ನ ಕೊಡದೇ ಸಿಗ್ತಾನ ಅಂತ ಕಾಯ್ತಾರ.

ಗಂಗಾವತಿ_ಬುಲ್‌ಪೆನ್

ಮಾರಿದರ ನಂದೇನೂ ತಕರಾರಿಲ್ಲ. ಕೊಳ್ಳೋರು ಸಿಗದಿದ್ದರ ಮಾತ್ರ ನಾ ಇನ್ನೂ ಎರಡನೆಯವನ ಕಡೆನ.

ಬಳ್ಳಾರಿ_ಡಗೌಟ್

ಇವತ್ತೇ ಎರಡು ತಂಡಗಳಿಗೆ ಪ್ರಸ್ತಾಪ ಕಳಿಸುತ್ತೇನೆ. ಒಂದನೆಯವನ ಬಗ್ಗೆ ಕೊನೆಯ ಪ್ರಶ್ನೆ: ಮುಂದಕ್ಕೆ ಸೆಕೆಂಡ್ ಬೇಸ್‌ಗೇ ಬೇಕಾದವನು, 2032ರಿಂದಲೇ ಅಲ್ಲಿ ಆಡಿಸಲೇ?

ಕೊಪ್ಪಳ_ಸ್ಕೌಟ್

ಬೇಡ. ರೇಂಜ್ 60, ಆರ್ಮ್ 50 ಇರುವಾಗ ಶಾರ್ಟ್‌ಸ್ಟಾಪ್‌ನಲ್ಲೇ ಇರಲಿ. ಅಲ್ಲಿ ನಿಂತರೆ ವರ್ಷಕ್ಕೆ 5 ರನ್ ಹೆಚ್ಚು, ಅರ್ಧ ಗೆಲುವು. ಶಾರ್ಟ್‌ಸ್ಟಾಪ್ ಆಡಿದವನನ್ನು ಆಮೇಲೆ ಸೆಕೆಂಡ್‌ಗೆ ತರುವುದು ಸುಲಭ. ಮಾರ್ಕಸ್ ಸೀಮಿಯನ್ 2021ರಲ್ಲಿ ಟೊರಾಂಟೊಗೆ ಬಂದು ಹಾಗೇ ಬದಲಾದ, ಆ ವರ್ಷವೇ ಸೆಕೆಂಡ್ ಬೇಸಿನಲ್ಲಿ ಗೋಲ್ಡ್ ಗ್ಲವ್ ಗೆದ್ದ. ಸೆಕೆಂಡ್‌ನಿಂದ ಶಾರ್ಟ್‌ಸ್ಟಾಪ್‌ಗೆ ಹೋಗುವ ದಾರಿ ಕಡಿದು. ಡಬಲ್-ಎ ತಲುಪಿದಾಗ ವಾರಕ್ಕೆ ಒಂದೆರಡು ಪಂದ್ಯ ಸೆಕೆಂಡ್‌ನಲ್ಲಿ ಆಡಿಸಿದರೆ ಸಾಕು.

ಕಾಂಟ್ಯಾಕ್ಟ್ 60 ಅನ್ನುವುದನ್ನು ಸದ್ಯಕ್ಕೆ 55 ಅಂತ ಬರೆದಿಟ್ಟುಕೊಳ್ಳಿ. ಮೇ ಕೊನೆಗೆ ಅವನಿಗೆ 150ರಷ್ಟು ಪ್ಲೇಟ್ ಅಪಿಯರೆನ್ಸ್ ಆಗಿರುತ್ತದೆ. ಆಗ ಸ್ಟ್ರೈಕ್‌ಔಟ್, ವಾಕ್ ಎರಡನ್ನೂ ಲೋ-ಎ ಸರಾಸರಿಯ ಪಕ್ಕಕ್ಕಿಟ್ಟು ನೋಡಿ, ಹೊಸ ಸ್ಕೌಟಿಂಗ್ ವರದಿಯನ್ನೂ ಕೇಳಿ. ಸ್ಟ್ರೈಕ್‌ಔಟ್ ಸರಾಸರಿಗಿಂತ ಕಡಿಮೆ ಇದ್ದರೆ ನಮ್ಮ ಸ್ಕೌಟ್ ಹೇಳಿದ್ದೇ ಹತ್ತಿರ. ಜೂನ್‌ನಲ್ಲಿ ಹೈ-ಎಗೆ ಏರಿಸಿ. ಹೆಚ್ಚಿದ್ದರೆ ಓಎಸ್ಎ ಹೇಳಿದ್ದು ಸರಿ. ಇಡೀ ವರ್ಷ ಲೋ-ಎಯಲ್ಲೇ ಇರಲಿ.

ಭಾನುವಾರದ ಎಕ್ಸ್‌ಪೋರ್ಟ್ (ಲೀಗಿಗೆ ಕಳಿಸುವ ನಿಮ್ಮ ತಂಡದ ಫೈಲ್) ಶನಿವಾರವೇ ಒಮ್ಮೆ ಹಾಕಿಡಿ. ಕರೆಂಟ್ ಹೋಗಿ ಫೈಲ್ ಮೇಲೇರದಿದ್ದರೆ ಕಳೆದ ಸಿಮ್‌ನ ರೋಸ್ಟರೇ ಓಡುತ್ತದೆ, ಮೂವರೂ ರಕ್ಷಣೆಯಿಲ್ಲದೆ ಡ್ರಾಫ್ಟಿಗೆ ಹೋಗುತ್ತಾರೆ.